ಸೀಳುತುಟಿಯ ಮಕ್ಕಳೂ ಅವರ ಶಸ್ತ್ರವೈದ್ಯರೂ

ಸ್ಮರಣ ಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯರು ಶಾಲೆಯ ಕಟ್ಟಡಗಳ ವಿಷಯವಾಗಿಯೂ ಪರೀಕ್ಷೆಗಳ ಫಲಿತಾಂಶದ ವಿಷಯವಾಗಿಯೂ ಬರೆಯುವುದು ವಾಡಿಕೆ. ಆ ವಿವರಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವುದರಿಂದ ನಾವು ಇಲ್ಲಿ ಒಂದು ಪಾಠವನ್ನು ಬರೆಯಲು ಇಚ್ಛಿಸುತ್ತೇವೆ. ಇದು ನಾವು ಕಲಿಸಿದ ಪಾಠವಲ್ಲ, ತಡವಾಗಿ ಕಲಿತ ಪಾಠ. ಹುಟ್ಟುವಾಗಲೇ ತುಟಿಯಾಗಲಿ ಅಂಗುಳವಾಗಲಿ ಸೀಳಿರುವ ಮಕ್ಕಳ ವಿಷಯವಾದದ್ದು. ಅಂಥ ಮಕ್ಕಳಿಗಾಗಿ ತಮ್ಮ ಆಯುಷ್ಯವನ್ನು ಸವೆಸಿದ ಶಸ್ತ್ರವೈದ್ಯರ ಕಥೆಯೂ, ಅವರ ಕೆಲಸ ಮುಗಿದ ಮೇಲೆ ಮನೆಯವರಿಗೂ ಶಾಲೆಯವರಿಗೂ ಉಳಿಯುವ ಕೆಲಸವೇನೆಂಬುದೂ ಇದರಲ್ಲಿ ಬರುವುವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರು, ಕೆಲವರು ಅಜ್ಜಿಯರು, ಹಲವರು ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವರು. ಅವರಲ್ಲಿ ಯಾರ ಕೈಗಾದರೂ ಒಂದು ದಿನ ಇಂಥ ಮಗು ಬರಬಹುದು.

ಸೀಳು ಎಂದರೇನು

ತಾಯಿಯ ಗರ್ಭದಲ್ಲಿ ಶಿಶುವಿನ ಮುಖವು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಆಗುವುದಿಲ್ಲ. ಎಡದಿಂದಲೂ ಬಲದಿಂದಲೂ ಮೇಲಿನಿಂದಲೂ ಬೆಳೆದುಬರುವ ಭಾಗಗಳು ನಡುವೆ ಸಂಧಿಸಿ, ಒಂದಕ್ಕೊಂದು ಬೆಸೆದುಕೊಂಡು ಮುಖವೆನಿಸುವುವು. ಮೇಲ್ದುಟಿಯು ಗರ್ಭದ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ ಕೂಡಿಕೊಳ್ಳುವುದು. ಅದರ ಹಿಂದೆಯೇ, ಮೂರನೆಯ ತಿಂಗಳು ಮುಗಿಯುವುದರೊಳಗಾಗಿ, ಅಂಗುಳವೂ ಕೂಡುವುದು. ಈ ಬೆಸುಗೆ ಎಲ್ಲಿಯಾದರೂ ಅರ್ಧದಲ್ಲಿ ನಿಂತಿತೆಂದರೆ ಅಲ್ಲಿ ಸೀಳು ಉಳಿಯುವುದು. ಕೆಲವು ಮಕ್ಕಳಿಗೆ ತುಟಿಯಲ್ಲಿ ಸಣ್ಣದೊಂದು ಕಚ್ಚು ಮಾತ್ರ ಇರುವುದು. ಕೆಲವರಿಗೆ ಸೀಳು ಮೂಗಿನ ಹೊಳ್ಳೆಯವರೆಗೂ ಹೋಗುವುದು. ಮತ್ತೆ ಕೆಲವರಿಗೆ ತುಟಿ, ವಸಡು, ಅಂಗುಳ ಎಲ್ಲವೂ ಇಬ್ಭಾಗವಾಗಿರುವುವು. ಹಳ್ಳಿಗಳಲ್ಲಿ ಇದನ್ನು ಮೊಲತುಟಿ ಎಂದು ಕರೆಯುವರು. ಆ ಮಾತು ಮಗುವಿನ ಕಿವಿಗೆ ಬೀಳದಿರುವುದೇ ಲೇಸು.

ಇಲ್ಲಿ ಗಮನಿಸತಕ್ಕ ಮುಖ್ಯ ವಿಷಯವೊಂದುಂಟು. ಇಂಥ ಮಗುವಿನ ತುಟಿಯಲ್ಲಿ ಮಾಂಸವೂ ಸ್ನಾಯುವೂ ಚರ್ಮವೂ ಬಹುಮಟ್ಟಿಗೆ ಇದ್ದೇ ಇರುವುವು. ಇರುವುವಾದರೂ ತಮ್ಮ ತಮ್ಮ ಸ್ಥಾನಕ್ಕೆ ಬಂದು ಸೇರಿರುವುದಿಲ್ಲ. ಆದಕಾರಣ ಇದನ್ನು ಅಂಗಹೀನತೆ ಎನ್ನುವುದಕ್ಕಿಂತ ಅಂಗಗಳು ಕೂಡದಿರುವಿಕೆ ಎನ್ನುವುದು ಹೆಚ್ಚು ಸರಿ. ಶಸ್ತ್ರವೈದ್ಯನು ಹೊಸತಾಗಿ ಏನನ್ನೂ ಸೃಷ್ಟಿಸುವುದಿಲ್ಲ. ಬೇರೆಯಾಗಿ ನಿಂತದ್ದನ್ನು ಸೇರಿಸುವನು.

ಲೋಕದಲ್ಲಿ ಹುಟ್ಟುವ ಮಕ್ಕಳಲ್ಲಿ ಸುಮಾರು 700ಕ್ಕೆ ಒಂದರಂತೆ ಈ ಸೀಳು ಕಾಣಬರುವುದು. ಸಿರಿವಂತರೆಂದೂ ಬಡವರೆಂದೂ, ಆ ಜಾತಿಯೆಂದೂ ಈ ಜಾತಿಯೆಂದೂ ಅದಕ್ಕೆ ಭೇದವಿಲ್ಲ. ತುಟಿಯ ಸೀಳು ಗಂಡುಮಕ್ಕಳಲ್ಲಿ ಹೆಚ್ಚು. ತುಟಿಯು ಸರಿಯಾಗಿದ್ದು ಅಂಗುಳ ಮಾತ್ರ ಸೀಳಿರುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಈ ಎರಡನೆಯ ಮಾತನ್ನು ಓದುವವರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮದು ಹುಡುಗಿಯರ ಶಾಲೆಯಾದುದರಿಂದ ಮುಂದೆ ಅದರ ಪ್ರಸ್ತಾಪ ಬರುವುದು.

ತಾಯಿಯ ತಪ್ಪಲ್ಲ

ನಮ್ಮ ಸೀಮೆಯಲ್ಲಿ ಇಂಥ ಮಗು ಹುಟ್ಟಿದೊಡನೆ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆಯು ಗ್ರಹಣದ್ದಾಗಿರುವುದು. ಗ್ರಹಣ ಹಿಡಿದಿದ್ದಾಗ ಬಸುರಿಯು ಹೊರಗೆ ಬಂದಳೆಂದೋ, ಈಳಿಗೆಮಣೆಯ ಮುಂದೆ ಕುಳಿತಳೆಂದೋ, ಸೂಜಿ ಕತ್ತರಿ ಮುಟ್ಟಿದಳೆಂದೋ ಹೇಳಿ, ಬಾಣಂತಿಯ ತಲೆಯ ಮೇಲೆ ಅಪವಾದವನ್ನು ಹೊರಿಸುವರು. ಹಡೆದು ಸೊರಗಿದ ಹೆಣ್ಣು ಆ ಮಾತನ್ನು ನಂಬಿ, ಮಗುವಿನ ಮುಖ ಕಂಡಾಗಲೆಲ್ಲ ತನ್ನನ್ನು ತಾನೇ ಶಪಿಸಿಕೊಳ್ಳುವಳು.

ಈ ನಂಬಿಕೆಗೆ ಆಧಾರವಿಲ್ಲ. ಗ್ರಹಣಗಳು ವರ್ಷದಲ್ಲಿ ಕೆಲವು ಗಂಟೆಗಳ ಕಾಲ ಮಾತ್ರ ನಡೆಯುವುವು. ಸೀಳಿನ ಮಕ್ಕಳಾದರೋ ಎಲ್ಲ ದೇಶಗಳಲ್ಲಿಯೂ ಎಲ್ಲ ತಿಂಗಳುಗಳಲ್ಲಿಯೂ ಹುಟ್ಟುತ್ತಿರುವುವು. ತುಟಿ ಕೂಡತಕ್ಕ ಆ ಮೊದಲ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿಯರೆಂಬುದೇ ಸ್ಪಷ್ಟವಾಗಿ ತಿಳಿದಿರುವುದಿಲ್ಲ. ವಂಶದ ಪ್ರಭಾವ, ತಾಯಿಯ ಮಧುಮೇಹ, ಧೂಮಪಾನ, ಮದ್ಯಪಾನ, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಿಗಳು ಇವೆಲ್ಲ ಸೀಳಿನ ಸಂಭವವನ್ನು ಹೆಚ್ಚಿಸುವುವೆಂದು ವೈದ್ಯರು ಹೇಳುವರು. ಆದರೆ ಬಹುಪಾಲು ಮಕ್ಕಳಲ್ಲಿ ಇದೇ ಕಾರಣವೆಂದು ಒಂದನ್ನು ಬೆರಳಿಟ್ಟು ತೋರಿಸುವುದಾಗದು. ಹೀಗಿರುವಾಗ ಬಾಣಂತಿಯನ್ನು ನಿಂದಿಸುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ. ನಮ್ಮ ಶಾಲೆಯಲ್ಲಿ ಶರೀರಶಾಸ್ತ್ರವನ್ನು ಓದಿದ ಹುಡುಗಿಯು ಅಜ್ಜಿಯಾದ ಮೇಲೆ ತನ್ನ ಸೊಸೆಗೆ ಈ ಮಾತನ್ನು ಆಡದಿದ್ದರೆ ನಮ್ಮ ಪಾಠ ಸಾರ್ಥಕವಾಯಿತೆಂದು ತಿಳಿಯುವೆವು.

ಪ್ರಾಚೀನವಾದ ಕೈಕೆಲಸ

ಮುಖದ ಕುಂದನ್ನು ಶಸ್ತ್ರದಿಂದ ಸರಿಪಡಿಸುವ ವಿದ್ಯೆಯು ಪಶ್ಚಿಮದೇಶದಿಂದ ಈಚೆಗೆ ಬಂದದ್ದೆಂದು ಅನೇಕರು ಎಣಿಸುವರು. ಅದು ಸರಿಯಲ್ಲ. ಕತ್ತರಿಸಿಹೋದ ಮೂಗಿಗೆ ಕೆನ್ನೆಯ ಚರ್ಮದಿಂದ ಹೊಸ ಮೂಗನ್ನು ಮಾಡುವ ಕ್ರಮವನ್ನು ಸುಶ್ರುತ ಸಂಹಿತೆಯು ವಿವರಿಸುವುದು. ತುಟಿಗೂ ಅಂಥದೇ ವಿಧಿಯನ್ನು ಅದು ಹೇಳುವುದು.

ಈ ವಿದ್ಯೆಯು ಯೂರೋಪಿನವರ ಗಮನಕ್ಕೆ ಬಿದ್ದ ಬಗೆಯಲ್ಲಿ ನಮ್ಮ ಮೈಸೂರು ಸೀಮೆಯ ಚರಿತ್ರೆಯೂ ಸೇರಿದೆ. 1792ರ ಯುದ್ಧಕಾಲದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಮುಂದೆ ಪುಣೆಯ ಬಳಿ ದೇಶೀಯ ಕುಶಲಿಯೊಬ್ಬನು ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ಅಚ್ಚಾಯಿತು. ಅಲ್ಲಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಎಂಬವರು ಅದೇ ಕ್ರಮವನ್ನು ಅಭ್ಯಾಸಮಾಡಿ 1814ರಲ್ಲಿ ಶಸ್ತ್ರಕ್ರಿಯೆಯನ್ನು ನಡೆಸಿ, 1816ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಹೀಗೆ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕೆಟ್ಟ ಒಂದು ಮುಖವು ಲೋಕಕ್ಕೆಲ್ಲ ಪಾಠವಾಯಿತು.

ಸೀಳುತುಟಿಯ ಚಿಕಿತ್ಸೆಯಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮಗಳಲ್ಲಿ ಒಂದನ್ನು ಅಮೆರಿಕದ ರಾಲ್ಫ್ ಮಿಲಾರ್ಡರು 1955ರಲ್ಲಿ ಸ್ಟಾಕ್‌ಹೋಮಿನ ವೈದ್ಯಸಮ್ಮೇಳನದಲ್ಲಿ ತಿಳಿಸಿದರು. ಸೀಳಿನ ಎರಡು ಅಂಚುಗಳನ್ನು ಸುಮ್ಮನೆ ಎಳೆದು ಹೊಲಿದರೆ ತುಟಿಯು ಮೇಲಕ್ಕೆ ಸೆಟೆದು ನಿಲ್ಲುವುದು. ಅದರ ಬದಲು ಒಂದು ಕಡೆಯ ಭಾಗವನ್ನು ಕೆಳಕ್ಕೆ ತಿರುಗಿಸಿ, ಇನ್ನೊಂದು ಕಡೆಯ ಭಾಗವನ್ನು ಆ ತೆರವಿಗೆ ಮುಂದೊತ್ತಿ ಕೂಡಿಸುವುದು ಈ ಕ್ರಮ. ಹೊಲಿಗೆಯ ಗೆರೆಯು ಮೂಗಿನ ಕೆಳಗಣ ಸಹಜವಾದ ಗೆರೆಯೊಡನೆ ಸೇರಿಹೋಗುವುದರಿಂದ ಗಾಯದ ಗುರುತು ಕಣ್ಣಿಗೆ ಹೊಡೆಯದು. ಹೊಲಿಗೆ ತರಗತಿಯಲ್ಲಿ ಬಟ್ಟೆಯನ್ನು ಕತ್ತರಿಸಿ ತಿರುಗಿಸಿ ಜೋಡಿಸುವುದನ್ನು ಕಲಿತ ನಮ್ಮ ಹುಡುಗಿಯರಿಗೆ ಇದು ಸುಲಭವಾಗಿ ತಿಳಿಯುವುದು.

ಧ್ವನಿಯನ್ನು ಕಳೆದುಕೊಂಡ ವೈದ್ಯರು

ಇನ್ನು ನಮ್ಮ ಪಾಠದ ಮುಖ್ಯ ಪುರುಷರ ವಿಷಯಕ್ಕೆ ಬರುವೆವು. ಸೊಲ್ಲಾಪುರ ಜಿಲ್ಲೆಯು ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಆ ಜಿಲ್ಲೆಯ ಪಂಢರಪುರವು ನಮ್ಮ ಹರಿದಾಸರು ನೆನೆದು ಹಾಡಿದ ವಿಠಲನ ಕ್ಷೇತ್ರವಾದುದರಿಂದ ಕನ್ನಡಿಗರಿಗೆ ಪರಸ್ಥಳವೆನಿಸದು. ಅಲ್ಲಿ 1930ರಲ್ಲಿ ಜನಿಸಿದವರು ಡಾಕ್ಟರ್ ಶರದ್‌ಕುಮಾರ ದೀಕ್ಷಿತರು. ಅವರು ವೈದ್ಯವಿದ್ಯೆಯನ್ನು ಕಲಿತು ಅಮೆರಿಕಕ್ಕೆ ಹೋಗಿ, ಅಲ್ಲಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪರಿಣತರಾದರು. ಹಣವನ್ನೂ ಹೆಸರನ್ನೂ ಗಳಿಸಿ ಸುಖವಾಗಿರಬಹುದಾಗಿದ್ದ ಅವರು 1968ರಲ್ಲಿ ಇಂಡಿಯಾ ಪ್ರಾಜೆಕ್ಟ್ ಎಂಬ ಕಾರ್ಯವನ್ನು ಆರಂಭಿಸಿದರು. ವರ್ಷದ ಕೆಲವು ತಿಂಗಳುಗಳನ್ನು ಭಾರತದಲ್ಲಿ ಕಳೆದು, ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ಸೀಳುತುಟಿ, ಜೋತುಬಿದ್ದ ಕಣ್ಣಿನ ರೆಪ್ಪೆ, ಮೆಳ್ಳೆಗಣ್ಣು, ಮುಖದ ಮೇಲಣ ಕಲೆಗಳು ಇವುಗಳಿಗೆ ಒಂದು ಕಾಸನ್ನೂ ತೆಗೆದುಕೊಳ್ಳದೆ ಶಸ್ತ್ರಚಿಕಿತ್ಸೆ ಮಾಡುವುದು ಅದರ ಉದ್ದೇಶವಾಗಿತ್ತು.

ಅವರ ಶರೀರವಾದರೋ ಅವರಿಗೆ ಸಹಾಯಮಾಡಲಿಲ್ಲ. 1978ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ದೇಹದ ಒಂದು ಭಾಗದ ಬಲವು ಕುಂದಿತು. ಆ ಬಳಿಕ ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕಾಯಿತು. ಹೃದಯಾಘಾತಗಳೂ ಬಂದುವು. ಯಾವನಾದರೊಬ್ಬನು ಇವುಗಳಲ್ಲಿ ಒಂದು ಬಂದರೂ ಸಾಕೆಂದು ಕೆಲಸದಿಂದ ನಿವೃತ್ತನಾದರೆ ಲೋಕವು ಅವನನ್ನು ದೂರಲಾರದು. ದೀಕ್ಷಿತರು ನಿಲ್ಲಿಸಲಿಲ್ಲ. ಪುಣೆಯ ಭಾರತೀಯ ಜೈನ ಸಂಘಟನೆಯೇ ಮೊದಲಾದ ಸಂಸ್ಥೆಗಳ ನೆರವಿನಿಂದ ಅವರ ಶಿಬಿರಗಳು ವರ್ಷವರ್ಷವೂ ನಡೆದುವು. ಶಿಬಿರದ ಸುದ್ದಿ ತಿಳಿದ ತಾಯಿತಂದೆಗಳು ದೂರದ ಹಳ್ಳಿಗಳಿಂದ ಮಕ್ಕಳನ್ನು ಎತ್ತಿಕೊಂಡು ಬಂದು ಸಾಲಾಗಿ ಕುಳಿತಿರುತ್ತಿದ್ದರು. ವೈದ್ಯರು ಒಂದೊಂದು ಮುಖವನ್ನೂ ನೋಡಿ, ಯಾರಿಗೆ ಚಿಕಿತ್ಸೆ ಆಗಬೇಕೆಂದು ಗುರುತಿಸಿ, ಬೆಳಗಿನಿಂದ ಒಂದರ ಮೇಲೊಂದರಂತೆ ತುಟಿಗಳನ್ನು ಕೂಡಿಸುತ್ತ ಹೋಗುತ್ತಿದ್ದರು. ಹೀಗೆ ಅವರ ಕೈಯಿಂದ ಹೊಸ ಮುಖವನ್ನು ಪಡೆದವರು ಸಾವಿರಾರು ಮಂದಿ. 2001ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. 2011ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅವರು ತೀರಿಕೊಂಡರು.

ನಾವು ಈ ಚರಿತ್ರೆಯನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಎದ್ದುನಿಂತು, “ಮಿಸ್, ಅವರಿಗೇ ಧ್ವನಿಯಿರಲಿಲ್ಲವಲ್ಲ, ಅಳುವ ಮಗುವನ್ನು ಹೇಗೆ ಸಮಾಧಾನ ಮಾಡುತ್ತಿದ್ದರು?” ಎಂದು ಕೇಳಿದಳು. ಕೈಯಿಂದ ಮಾಡುತ್ತಿದ್ದಿರಬೇಕೆಂದು ನಾವು ಉತ್ತರಕೊಟ್ಟೆವು. ಅವಳ ಪ್ರಶ್ನೆಯು ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿಯಿತು. ಸಹಜವಾದ ಕಂಠದಿಂದ ಮಾತಾಡಲಾರದವನಿಗೆ ಜನರು ಹೇಗೆ ನಡೆದುಕೊಳ್ಳುವರೆಂಬುದನ್ನು ಆ ವೈದ್ಯರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಕೇಳುವವರು ಕಾಯದೆ ವಾಕ್ಯವನ್ನು ತಾವೇ ಮುಗಿಸಿಬಿಡುವುದು, ಕನಿಕರದಿಂದ ಮುಖ ತಿರುಗಿಸುವುದು, ಅವನಿಗೆ ಹೇಳಬೇಕಾದದ್ದನ್ನು ಪಕ್ಕದಲ್ಲಿರುವವರಿಗೆ ಹೇಳುವುದು, ಇವೆಲ್ಲ ಸೀಳಿನ ಮಗುವಿನ ನಿತ್ಯಾನುಭವ.

ತುಟಿ ಕೂಡಿದ ಮೇಲೆ

ಶಿಬಿರದಲ್ಲಿ ಆಗತಕ್ಕ ಕೆಲಸಕ್ಕೆ ಒಂದು ಎಲ್ಲೆಯೂ ಉಂಟು. ತುಟಿಯ ಶಸ್ತ್ರಚಿಕಿತ್ಸೆಯು ಬೇಗ ಮುಗಿಯುವುದು. ತಾಯಿಯು ಮಗುವಿನ ಹೊಸ ಮುಖವನ್ನು ಅಂದೇ ಕಾಣುವಳು. ಅಂಗುಳದ ಚಿಕಿತ್ಸೆಯು ಅಷ್ಟು ಸುಲಭವಲ್ಲ. ಅದಕ್ಕೆ ಪೂರ್ಣ ಅರಿವಳಿಕೆಯೂ, ಒಳ್ಳೆಯ ಆಸ್ಪತ್ರೆಯೂ, ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವವರೂ ಬೇಕು. ಅಂಗುಳವು ಏಕೆ ಅಷ್ಟು ಮುಖ್ಯವೆಂಬುದನ್ನು ತಿಳಿಯಲು ನಾವು ಒಂದನೆಯ ತರಗತಿಯ ವರ್ಣಮಾಲೆಗೆ ಹೋಗಬೇಕು.

ಕ ಖ ಗ ಘ ಙ, ಚ ಛ ಜ ಝ ಞ ಎಂದು ನಮ್ಮ ಹಿರಿಯರು ವ್ಯಂಜನಗಳನ್ನು ಐದೈದಾಗಿ ಜೋಡಿಸಿರುವರು. ಪ್ರತಿಯೊಂದು ವರ್ಗದಲ್ಲಿಯೂ ಮೊದಲ ನಾಲ್ಕನ್ನು ಉಚ್ಚರಿಸುವಾಗ ಮೆದು ಅಂಗುಳವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುವುದು. ಗಾಳಿಯು ಬಾಯಲ್ಲಿ ತುಂಬಿ ಬಲದಿಂದ ಹೊರಬರುವುದು. ಐದನೆಯದಾದ ಅನುನಾಸಿಕಕ್ಕೆ ಮಾತ್ರ ಆ ಬಾಗಿಲು ತೆರೆದಿರುವುದು. ಅಂಗುಳವು ಸೀಳಿರುವ ಮಗುವಿಗೆ ಬಾಗಿಲು ಮುಚ್ಚುವುದೇ ಇಲ್ಲ. ಆದಕಾರಣ ಅದು ಮೊದಲ ನಾಲ್ಕು ಅಕ್ಷರಗಳಲ್ಲಿ ಯಾವುದನ್ನು ಹೇಳಹೋದರೂ ಐದನೆಯದರ ಹತ್ತಿರಕ್ಕೆ ಜಾರುವುದು. ಬಕಾರವು ಮಕಾರದಂತೆ ಕೇಳುವುದು, ದಕಾರವು ನಕಾರದಂತೆ ಕೇಳುವುದು. ಮಗು ಅಪ್ಪ ಎಂದು ಕೂಗಿದರೆ ಕೇಳುವವರಿಗೆ ಅಮ್ಮ ಎಂದಂತೆ ಆಗುವುದು. ಅದರ ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲ. ಯಾವ ಅಕ್ಷರ ಬೇಕೆಂಬುದನ್ನು ಅದು ಬಲ್ಲದು. ಗಾಳಿಯೊಂದು ದಾರಿತಪ್ಪುವುದು, ಅಷ್ಟೇ.

ಇನ್ನೊಂದು ಸಂಗತಿಯೂ ಉಂಟು. ಅಂಗುಳದ ಸ್ನಾಯುಗಳೇ ಕಿವಿಯ ಒಳಭಾಗಕ್ಕೆ ಗಾಳಿ ಹೋಗುವ ನಾಳವನ್ನು ತೆರೆಯತಕ್ಕವು. ಅವು ಸರಿಯಾಗಿ ಕೆಲಸ ಮಾಡದಿದ್ದರೆ ಕಿವಿಯ ನಡುಭಾಗದಲ್ಲಿ ದ್ರವ ನಿಂತು ಕೇಳುವಿಕೆಯು ಮಂದವಾಗುವುದು. ಇಂಥ ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಪಾಠದಲ್ಲಿ ಲಕ್ಷ್ಯವಿಲ್ಲವೆಂದು ಗದರಿಸಿದವರು ನಮ್ಮ ವೃತ್ತಿಯಲ್ಲಿ ಎಷ್ಟು ಮಂದಿಯೋ!

ನಿಂತು ಮಾಡಿದವರು

ವರ್ಷಗಟ್ಟಲೆ ನೋಡಿಕೊಳ್ಳಬೇಕಾದ ಈ ಕೆಲಸಕ್ಕೆ ಊರೂರು ಸುತ್ತುವ ವೈದ್ಯರಷ್ಟೇ, ಒಂದೇ ಊರಿನಲ್ಲಿ ನೆಲೆನಿಲ್ಲುವ ವೈದ್ಯರೂ ಬೇಕು. ಅಂಥವರಲ್ಲಿ ಒಬ್ಬರು ಡಾಕ್ಟರ್ ಹಿರ್ಜಿ ಸೊರಾಬ್ ಅಡೇನ್‌ವಾಲಾ ಅವರು. ಪಾರ್ಸಿ ಮನೆತನದ ಇವರು 1959ರಲ್ಲಿ ನೆರೆಯ ಕೇರಳದ ತ್ರಿಶ್ಶೂರಿನ ಜುಬಿಲಿ ಮಿಷನ್ ಆಸ್ಪತ್ರೆಗೆ ಬಂದು ಸೇರಿದರು. ಇತರ ರೋಗಿಗಳ ನಡುವೆ ಸೀಳಿನ ಮಕ್ಕಳ ಚಿಕಿತ್ಸೆಯನ್ನು ಮೊದಲುಮಾಡಿ, ಕಾಲಕ್ರಮದಲ್ಲಿ ಅದಕ್ಕೆಂದೇ ಒಂದು ಕೇಂದ್ರವನ್ನು ಕಟ್ಟಿ, ಅದಕ್ಕೆ ತಮ್ಮ ಹೆಸರನ್ನಿಡದೆ ತಮಗೆ ವಿದ್ಯೆ ಕಲಿಸಿದ ಚಾರ್ಲ್ಸ್ ಪಿಂಟೋ ಅವರ ಹೆಸರನ್ನಿಟ್ಟರು. 2020ರಲ್ಲಿ ತೀರಿಕೊಳ್ಳುವವರೆಗೂ ಆ ಆಸ್ಪತ್ರೆಯೊಡನೆ ಅವರ ಸಂಬಂಧ ಕಡಿಯಲಿಲ್ಲ. ತಾವು ತುಟಿ ಹೊಲಿದ ಶಿಶುವು ದೊಡ್ಡವನಾಗಿ, ಮದುವೆಯಾಗಿ, ಮಕ್ಕಳೊಡನೆ ನೋಡಲು ಬರುವಷ್ಟು ದೀರ್ಘಕಾಲ ಒಂದೇ ಸ್ಥಳದಲ್ಲಿ ನಿಂತ ವೈದ್ಯರು ವಿರಳ. ಶಿಷ್ಯನು ಗುರುವಿನ ಹೆಸರನ್ನು ಹೀಗೆ ಉಳಿಸಿದ್ದನ್ನು ಉಪಾಧ್ಯಾಯಿನಿಯರಾದ ನಾವು ಸಂತೋಷದಿಂದ ನೆನೆಯುತ್ತೇವೆ.

ನಮ್ಮ ಕರ್ನಾಟಕದಲ್ಲಿಯೂ ಧಾರವಾಡದ ಎಸ್‌ಡಿಎಂ ಸಂಸ್ಥೆಯಲ್ಲಿ, ಮಂಗಳೂರಿನ ನಿಟ್ಟೆ ಸಂಸ್ಥೆಯಲ್ಲಿ, ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗಾಗಿಯೇ ವಿಭಾಗಗಳು ಬೆಳೆದಿವೆ. 1999ರಲ್ಲಿ ಸ್ಥಾಪಿತವಾದ ಸ್ಮೈಲ್ ಟ್ರೈನ್ ಎಂಬ ಸಂಸ್ಥೆಯು ಹೊರಗಿನಿಂದ ವೈದ್ಯರನ್ನು ಕಳುಹಿಸುವುದಕ್ಕಿಂತ ಆಯಾ ಸ್ಥಳದ ವೈದ್ಯರಿಗೇ ನೆರವಾಗಿ, ತಾಯಿತಂದೆಗಳಿಗೆ ಖರ್ಚು ಬೀಳದಂತೆ ಮಾಡುವ ಕ್ರಮವನ್ನು ಅನುಸರಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಹೋಗಿ ಮಕ್ಕಳನ್ನು ಪರೀಕ್ಷಿಸುವಾಗ ನೋಡಬೇಕಾದ ಹುಟ್ಟುದೋಷಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳಗಳೂ ಸೇರಿರುವುವು. ಮಾತಿನ ಶಿಕ್ಷಣಕ್ಕಾದರೋ ನಾವು ಮೈಸೂರಿನವರು ಭಾಗ್ಯವಂತರು. 1965ರಲ್ಲಿ ನಮ್ಮ ಊರಿನಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿದೆ. ಲಕ್ಷ್ಮೀಪುರಂನಿಂದ ಅದು ಹೆಚ್ಚು ದೂರವಲ್ಲ. ದೇಶದ ಮೂಲೆಮೂಲೆಗಳಿಂದ ತಾಯಂದಿರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುವರು. ಇಷ್ಟು ಹತ್ತಿರದಲ್ಲಿದ್ದರೂ ನಾವು ಆ ಬಾಗಿಲನ್ನು ತಟ್ಟದೆ ಒಂದು ವರ್ಷವನ್ನು ವ್ಯರ್ಥಮಾಡಿದ ಸಂಗತಿಯನ್ನು ಈಗ ಹೇಳಬೇಕಾಗಿದೆ.

ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಹೊರ ಊರಿನಿಂದ ಒಬ್ಬ ಹುಡುಗಿ ಬಂದು ಸೇರಿದಳು. ಅವಳ ಹೆಸರು ಬೇಡ. ಮುಖದಲ್ಲಿ ಯಾವ ಕುಂದೂ ಇಲ್ಲ, ಲೆಕ್ಕದಲ್ಲಿ ಚುರುಕು, ಅಕ್ಷರ ಮುತ್ತಿನಂತೆ. ಆದರೆ ಬಾಯಿ ತೆರೆದರೆ ಮಾತೆಲ್ಲ ಮೂಗಿನಿಂದ ಬರುವುದು. ಆ ತರಗತಿಗೆ ಕನ್ನಡವನ್ನು ನಾವೇ ಕಲಿಸುತ್ತಿದ್ದೆವು. ಗಟ್ಟಿಯಾಗಿ ಓದಿಸುವಾಗ ಒಂದೆರಡು ಸಲ ಹಿಂದಿನ ಬೆಂಚುಗಳಿಂದ ಕಿಸಕ್ಕೆಂದು ನಗು ಕೇಳಿತು. ನಾವು ಮೊದಲು ನಕ್ಕವರನ್ನು ಗದರಿಸಿದೆವು, ಆಮೇಲೆ ಇವಳನ್ನೇ, “ಬಾಯಿ ಬಿಟ್ಟು ಸ್ಪಷ್ಟವಾಗಿ ಓದಮ್ಮ, ಏಕೆ ಗೊಣಗುತ್ತೀಯೆ?” ಎಂದು ತಿದ್ದಿದೆವು. ತಿದ್ದಿದಷ್ಟೂ ಅವಳ ಧ್ವನಿ ಕುಗ್ಗಿತು. ಕಡೆಗೆ ಕನಿಕರವೆಂದು ತಿಳಿದು, ಓದಿನ ಸರದಿ ಅವಳ ಬೆಂಚಿಗೆ ಬಂದಾಗ ಅವಳನ್ನು ದಾಟಿ ಮುಂದಿನವಳನ್ನು ಕರೆಯುವುದನ್ನು ರೂಢಿಮಾಡಿಕೊಂಡೆವು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅವಳಿಗೆ ದೀಪ ಹಿಡಿದು ನಿಲ್ಲುವ ಪಾತ್ರವನ್ನು ಕೊಟ್ಟೆವು.

ಉತ್ಸವದ ಮಾರನೆಯ ದಿನ ಅವಳ ತಾಯಿ ನಮ್ಮ ಕೊಠಡಿಗೆ ಬಂದರು. ಕೂಲಿನಾಲಿ ಮಾಡಿ ಮಗಳನ್ನು ಓದಿಸುತ್ತಿದ್ದ ಆಕೆ ಜಗಳವಾಡಲಿಲ್ಲ. ಬಾಗಿಲ ಬಳಿ ನಿಂತು, “ಅಮ್ಮಾವ್ರೇ, ನಿಮ್ಮ ಇಸ್ಕೂಲಿಗೆ ಸೇರ್‍ಸಿದ್ದು ಮಾತು ಕಲೀಲಿ ಅಂತ. ಅವಳಿಗೆ ಒಂದು ಮಾತೂ ಕೊಡಲಿಲ್ವಲ್ಲ” ಎಂದರು. ಅಷ್ಟು ಹೇಳಿ ಹೊರಟುಹೋದರು. ನಾವು ಹುಡುಗಿಯನ್ನು ಕರೆಸಿ ಕೇಳಲು, ಅವಳು ತಲೆ ತಗ್ಗಿಸಿಕೊಂಡು, “ವರ್ಷವೆಲ್ಲಾ ನನ್ನ ಸರದಿ ಬರಲೇ ಇಲ್ಲ, ಮಿಸ್” ಎಂದಳು. ದಿನವೂ ಅವಳು ತನ್ನ ಸರದಿಗೆ ಬರಬಹುದಾದ ಭಾಗವನ್ನು ಮನೆಯಲ್ಲಿ ಓದಿ ಸಿದ್ಧಮಾಡಿಕೊಂಡು ಬರುತ್ತಿದ್ದಳಂತೆ.

ಅದೇ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಿದ್ದಳು. ಆಕೆ ವಾಕ್‌ಚಿಕಿತ್ಸೆಯನ್ನು ಅಭ್ಯಾಸಮಾಡಿದವಳು. ಹುಡುಗಿಯ ನಾಲ್ಕು ಮಾತು ಕೇಳಿದೊಡನೆಯೇ ಬ್ಯಾಟರಿ ದೀಪವನ್ನು ತರಿಸಿ, ಬಾಯಿ ತೆರೆಸಿ ನೋಡಿ, ನಮ್ಮನ್ನೂ ಕರೆದು ತೋರಿಸಿದಳು. ಕಿರುನಾಲಿಗೆಯು ತುದಿಯಲ್ಲಿ ಇಬ್ಭಾಗವಾಗಿತ್ತು. ಅಂಗುಳದ ಮೇಲ್ಪೊರೆಯು ಕೂಡಿದ್ದು ಒಳಗಿನ ಸ್ನಾಯುಗಳು ಕೂಡದಿರುವುದೂ ಉಂಟೆಂದೂ, ಹೊರಗೆ ಕಾಣದ ಈ ಸೀಳು ಎಷ್ಟೋ ವರ್ಷ ಯಾರಿಗೂ ತಿಳಿಯದೆ ಹೋಗುವುದೆಂದೂ, ಕವಲೊಡೆದ ಕಿರುನಾಲಿಗೆಯು ಅದರ ಒಂದು ಗುರುತೆಂದೂ ಆಕೆ ವಿವರಿಸಿದಳು. ಮಾನಸಗಂಗೋತ್ರಿಯಲ್ಲಿ ಪರೀಕ್ಷೆಯಾಗಿ ಅದು ನಿಜವೆಂದು ತಿಳಿಯಿತು. ಹದಿಮೂರು ವರ್ಷ ಆ ಹುಡುಗಿಯು ತಾನು ಗೊಣಗುವವಳೆಂಬ ಬೈಗಳನ್ನು ತಿಂದಿದ್ದಳು. ಕಡೆಯ ವರ್ಷದ ಬೈಗಳು ನಮ್ಮದು.

ಆಮೇಲೆ ಅವಳಿಗೆ ಅಂಗುಳದ ಶಸ್ತ್ರಚಿಕಿತ್ಸೆ ನಡೆಯಿತು. ಅದರಿಂದಲೇ ಮಾತು ತಿಳಿಯಾಗಲಿಲ್ಲ. ಬಾಗಿಲು ಮುಚ್ಚುವಂತಾದರೂ ಅದನ್ನು ಮುಚ್ಚುವ ಅಭ್ಯಾಸವು ಬರಬೇಕಷ್ಟೆ. ಒಂದೂವರೆ ವರ್ಷ ವಾರವಾರವೂ ಹೋಗಿ ಪಕಾರದಿಂದ ಮೊದಲುಮಾಡಿ ಒಂದೊಂದು ಅಕ್ಷರವನ್ನೂ ಶಿಶುವಿನಂತೆ ಕಲಿತಳು. ಮೂಗಿನ ಕೆಳಗೆ ಸಣ್ಣ ಕನ್ನಡಿಯನ್ನು ಹಿಡಿದು, ಅದರ ಮೇಲೆ ಉಸಿರಿನ ಮಂಜು ಕಟ್ಟದಂತೆ ಪ ಪ ಪ ಎನ್ನುವುದು ಅವಳ ಮನೆಪಾಠವಾಗಿತ್ತು. ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಪ್ರಾರ್ಥನಾ ಸಭೆಯಲ್ಲಿ ಓದುವ ಸರದಿಯನ್ನು ಅವಳಿಗೆ ಕೊಟ್ಟೆವು. ಓದು ನಿಧಾನವಾಗಿತ್ತು, ಎರಡು ಮೂರು ಕಡೆ ಗಾಳಿ ಮೂಗಿಗೆ ಹೋಯಿತು, ಒಂದು ಶಬ್ದವನ್ನು ಅವಳು ನಿಂತು ಮತ್ತೊಮ್ಮೆ ಹೇಳಿದಳು. ಸಭೆಯು ಕಾಯಿತು. ಯಾರೂ ನಗಲಿಲ್ಲ. ಓದಿ ಮುಗಿಸಿ, ಪುಸ್ತಕವನ್ನು ನಮ್ಮ ಕೈಗೆ ಕೊಟ್ಟು, ತನ್ನ ಸಾಲಿಗೆ ಹೋಗಿ ನಿಂತಳು. ಈಗ ಅವಳು ಕಾಲೇಜಿನಲ್ಲಿ ಓದುತ್ತಿರುವಳು. ಈ ಸಂಗತಿಯನ್ನು ಬರೆಯಲು ಅವಳೂ ಅವಳ ತಾಯಿಯೂ ಒಪ್ಪಿಗೆ ಕೊಟ್ಟಿರುವರು.

ಮನೆಯವರಿಗೂ ಶಾಲೆಯವರಿಗೂ

ಆದಕಾರಣ ನಮ್ಮ ಓದುಗರಿಗೆ ಕೆಲವು ಮಾತುಗಳನ್ನು ಹೇಳಿ ಮುಗಿಸುವೆವು.

ಮೊದಲನೆಯದು ಹಾಲಿನ ವಿಷಯ. ಅಂಗುಳ ಸೀಳಿದ ಶಿಶುವು ಮೊಲೆಯನ್ನು ಚೀಪಲಾರದೆ ಹಸಿವಿನಿಂದ ಸೊರಗುವುದು. ಸೀಳಿನಿಂದ ಸಾಯದ ಮಗು ಹಸಿವಿನಿಂದ ಸಾಯಬಹುದು. ತಾಯಿಯ ಹಾಲನ್ನೇ ಹಿಂಡಿ, ಮಗುವಿನ ತಲೆಯನ್ನು ಎತ್ತರಕ್ಕೆ ಹಿಡಿದು, ಚಮಚೆಯಿಂದಲಾಗಲಿ ನಮ್ಮ ಅಜ್ಜಿಯರ ಕಾಲದ ಒಳಲೆಯಿಂದಲಾಗಲಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ನಡುನಡುವೆ ಎತ್ತಿಹಿಡಿದು ತೇಗಿಸಬೇಕು. ಅಟ್ಟದ ಮೇಲೆ ಬಿಸಾಡಿದ ಒಳಲೆಯು ಇಲ್ಲಿ ಪ್ರಾಣವನ್ನುಳಿಸುವುದು.

ಎರಡನೆಯದು ಕಾಲದ ವಿಷಯ. ಮಗುವಿಗೆ ಹತ್ತು ವಾರ ತುಂಬಿ, ತೂಕ ಹತ್ತು ಪೌಂಡು ಆಗಿ, ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತು ಗ್ರಾಂ ಇದ್ದರೆ ತುಟಿಯ ಚಿಕಿತ್ಸೆಗೆ ತಕ್ಕ ಕಾಲವೆಂದು ವೈದ್ಯರು ಹತ್ತರ ಸೂತ್ರವೊಂದನ್ನು ಹಿಂದಿನಿಂದ ಬಳಸುತ್ತಿರುವರು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ತುಟಿಯನ್ನೂ, ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಅಂಗುಳವನ್ನೂ ಕೂಡಿಸುವರು. ಮಗು ಮಾತು ಕಲಿಯುವುದಕ್ಕೆ ಮುಂಚೆ ಅಂಗುಳ ಕೂಡಿದರೆ ಮಾತು ಚೆನ್ನಾಗಿ ಬರುವುದು. ಮದುವೆಯ ಕಾಲಕ್ಕೆ ನೋಡಿಕೊಳ್ಳೋಣವೆಂದು ಹೆಣ್ಣುಮಕ್ಕಳ ಚಿಕಿತ್ಸೆಯನ್ನು ಮುಂದೂಡುವ ತಂದೆತಾಯಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಲ್ಲು, ವಸಡುಗಳ ಚಿಕಿತ್ಸೆಯು ಮುಂದೆಯೂ ಕೆಲವು ವರ್ಷ ನಡೆಯುವುದು, ನಡುವೆ ಬಿಡಬಾರದು.

ಮೂರನೆಯದು ಶಾಲೆಯ ವಿಷಯ. ಇಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸತಕ್ಕದ್ದು. ಕಿವಿಯನ್ನು ಪರೀಕ್ಷೆ ಮಾಡಿಸತಕ್ಕದ್ದು. ಮಗುವೊಂದು ಮೂಗಿನಲ್ಲಿ ಮಾತಾಡಿದರೆ ಗದರಿಸುವ ಮುಂಚೆ ಬಲ್ಲವರಿಗೆ ತೋರಿಸತಕ್ಕದ್ದು. ಅದು ಮಾತಾಡುವಾಗ ವಾಕ್ಯವನ್ನು ನಾವು ಮುಗಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಅದರ ಸರದಿಯನ್ನು ದಾಟಿಹೋಗಬಾರದು.

ನಾವು ಆ ತಾಯಿಯಿಂದ ಕಲಿತದ್ದು ಇಷ್ಟೇ. ದೀಕ್ಷಿತರಂಥವರು ಕಂಠವಿಲ್ಲದೆಯೂ ಸಾವಿರಾರು ತುಟಿಗಳನ್ನು ಕೂಡಿಸಿದರು. ಅಡೇನ್‌ವಾಲಾ ಅವರಂಥವರು ಒಂದೇ ಊರಿನಲ್ಲಿ ಅರುವತ್ತು ವರ್ಷ ನಿಂತರು. ಕೂಡಿಸಿದ ತುಟಿಯಿಂದ ಮಗು ಮಾತಾಡತೊಡಗಿದಾಗ ಕುಳಿತು ಕೇಳುವ ಕೆಲಸವು ಮಾತ್ರ ವೈದ್ಯರಿಂದ ಆಗತಕ್ಕದ್ದಲ್ಲ. ಅದು ನಮ್ಮದು. ಅದಕ್ಕೆ ಶಸ್ತ್ರವೂ ಬೇಡ, ಹಣವೂ ಬೇಡ, ತಾಳ್ಮೆಯೊಂದು ಬೇಕು. ಈಗ ನಮ್ಮ ಶಾಲೆಯ ಪ್ರತಿಯೊಂದು ತರಗತಿಯಲ್ಲಿಯೂ ಗಟ್ಟಿಯಾಗಿ ಓದುವವರ ಹೆಸರನ್ನು ಹಾಜರಿ ಪುಸ್ತಕದ ಕ್ರಮದಲ್ಲಿಯೇ ಕರೆಯುತ್ತೇವೆ. ಯಾವ ಹೆಸರನ್ನೂ ಬಿಡುವುದಿಲ್ಲ.